ವಿಮಾನದ ಎರಡನೇ ಸೀಟು

ಒಂದು ಊರು ಅಂತ ಇಟ್ಟುಕೊಳ್ಳಿ. ಊರಿನ ಹೆಸರು ಬೇಡ. ಹೆಸರು ಹೇಳಿದ ಕೂಡಲೇ ‘ಸದ್ಯ, ನಮ್ಮೂರಲ್ಲ’ ಎಂದು ನೀವು ಪೆಂಡಾಲಿನ ಕಂಬಕ್ಕೆ ಬೆನ್ನು ಕೊಟ್ಟು ಆರಾಮವಾಗಿ ಕೂತುಬಿಡುತ್ತೀರಿ. ಆ ಊರಿನಲ್ಲಿ ಒಬ್ಬ ಸಾಹುಕಾರ. ಅವನಿಗೆ ಅಕ್ಕಿ ಗಿರಣಿ ಇತ್ತು. ಗಿರಣಿಯ ಮುಂದೆ ಭತ್ತ ಒಣಗಿಸುವ ದೊಡ್ಡ ಸಿಮೆಂಟ್ ಕಣ ಇತ್ತು. ಹೆಂಡತಿ ತೀರಿಕೊಂಡಿದ್ದಳು, ಆದರೆ ಮನೆ ನಡೆಸುವುದಕ್ಕೆ ಅಕ್ಕ ಇದ್ದಳು. ಒಬ್ಬಳೇ ಮಗಳು. ಅವಳಿಗೆ ಹೊಸದಾಗಿ ಮದುವೆಯಾಗಿ, ಅಳಿಯನೂ ಅದೇ ಮನೆಗೆ ಬಂದು ಸೇರಿದ್ದ. ಒಬ್ಬ ಮನುಷ್ಯನಿಗೆ ಇನ್ನೇನು ಬೇಕು? ನೋಡಿ, ಈ ಪ್ರಶ್ನೆಯನ್ನು ಇಲ್ಲದವನ ಹತ್ತಿರ ಕೇಳಬಹುದು, ಇರುವವನ ಹತ್ತಿರ ಕೇಳಬಾರದು. ಇರುವವನು ತಕ್ಷಣ ಉತ್ತರ ಕೊಡುತ್ತಾನೆ.

ಸಾಹುಕಾರನಿಗೆ ವಿಮಾನ ಬೇಕಾಗಿತ್ತು.

ಯಾಕೆ ಅಂತೀರಾ? ಕಾಶಿಗೆ ಹೋಗುವಾಗ ಒಮ್ಮೆ ವಿಮಾನ ಹತ್ತಿದ್ದ. ಕೂತ ತಕ್ಷಣ ಒಬ್ಬ ಹುಡುಗಿ ನಗುನಗುತ್ತಾ ಬಂದು, ಬೆಲ್ಟು ಕಟ್ಟಿಕೊಳ್ಳಿ ಅಂದಳು. ಇವನು ಬೇಡ ಅಂದ. ಅವಳು ನಗುತ್ತಲೇ ಬಗ್ಗಿ ತಾನೇ ಕಟ್ಟಿ ಹೋದಳು. ಊರಿಗೆ ಬಂದು ಮನೆಮನೆಗೆ ಗಂಗಾಜಲ ಹಂಚುತ್ತಾ ಅವನು ಹೇಳಿದ್ದು ವಿಶ್ವನಾಥನ ದರ್ಶನದ ವಿಷಯವಲ್ಲ.

“ದುಡ್ಡು ಕೊಟ್ಟು ಹತ್ತಿದೋನು ನಾನು. ನನ್ನನ್ನೇ ಎಮ್ಮೆ ಕಟ್ಟಿದಂಗೆ ಕಟ್ಟಿಹಾಕುದ್ರು ಕಣ್ರಯ್ಯ. ಇನ್ನು ಹಾರುದ್ರೆ ನಮ್ಮದೇ ವಿಮಾನ.”

ಹೀಗೆ ಗಿರಣಿಯ ಕಣದಲ್ಲಿ ವಿಮಾನದ ಕೆಲಸ ಶುರುವಾಯಿತು. ಕಟ್ಟಿದವನು ಊರಿನ ಗ್ಯಾರೇಜಿನವನು. ಹಳೆಯ ಕಾರಿನ ಎಂಜಿನ್ ತಂದ. ಬಡಗಿಯ ಹತ್ತಿರ ತೇಗದ ಮರದಲ್ಲಿ ಪಂಕ ಮಾಡಿಸಿದ. ಮೊದಲು ರೆಕ್ಕೆಗೆ ಬಿದಿರು ಮತ್ತು ಟಾರ್ಪಾಲು ಸಾಕು ಅಂದುಕೊಂಡಿದ್ದ. ಆದರೆ ನೋಡಲು ಬಂದವರೆಲ್ಲ ರೆಕ್ಕೆಗೆ ಒಂದು ಗುದ್ದು ಕೊಟ್ಟು, “ಗಟ್ಟಿ ಸಾಲ್ದು ಸಾವ್ಕಾರ್ರೆ” ಅನ್ನತೊಡಗಿದರು. ಬಿದಿರು ಹೋಗಿ ಕಬ್ಬಿಣದ ಆಂಗಲ್ ಬಂತು. ಟಾರ್ಪಾಲು ಹೋಗಿ ತಗಡು ಬಂತು. ತಗಡಿನ ಮೇಲೆ ಇನ್ನೊಂದು ತಗಡು ಬಂತು. ನೋಡಿ, ನಮ್ಮ ಜನರ ಹತ್ತಿರ ಬಾಗಿಲಿಗೂ, ಮಂಚಕ್ಕೂ, ಗಾಡಿಗೂ, ವರನಿಗೂ ಇರುವುದು ಒಂದೇ ಹೊಗಳಿಕೆ. ಗಟ್ಟಿ. ವಿಮಾನವನ್ನೂ ಅದರಲ್ಲೇ ಅಳೆದರು. ಕೊನೆಗೆ ನಾಲ್ಕು ಜನ ಗುದ್ದಿದರೂ ಅಲ್ಲಾಡದ ವಿಮಾನ ತಯಾರಾಯಿತು. ಅಲ್ಲಾಡದ ವಸ್ತು ಹಾರುವುದು ಹೇಗೆ ಎಂದು ಒಬ್ಬರಾದರೂ ಕೇಳಬೇಕಿತ್ತೋ ಇಲ್ಲವೋ?

ಸಾಹುಕಾರನ ಭಾವಮೈದ ಹಾರ್ನ್ ಹಾಕಿಸಿದ.

“ಆಕಾಸ್ದಲ್ಲಿ ಹಾರ್ನ್ ಯಾಕ್ಲಾ?” ಎಂದು ಗ್ಯಾರೇಜಿನವನು ಕೇಳಿದ.

“ಹದ್ದು ಅಡ್ಡ ಬಂದ್ರೆ ಬಾಯಲ್ಲಿ ಕೂಗ್ತೀಯೇನೋ?”

ಒಳಗೆ ಎರಡು ಸೀಟು. ಒಂದು ನಡೆಸುವವನಿಗೆ. ಅದರ ಪಕ್ಕದ್ದು ಗಣ್ಯರಿಗೆ. ಗಣ್ಯರ ಸೀಟಿಗೆ ಹತ್ತಿಯ ಮೆತ್ತೆ ಹಾಕಿ, ಬೆನ್ನಿಗೆ ಬಿಳಿ ಟವೆಲ್ ಹೊದಿಸಿದ್ದರು. ಬೆಲ್ಟು ಎರಡಕ್ಕೂ ಇರಲಿಲ್ಲ. ಅದನ್ನು ಸಾಹುಕಾರ ಮುಂಚೆಯೇ ಖಂಡಿತವಾಗಿ ಹೇಳಿಬಿಟ್ಟಿದ್ದ.

ಈಗ ಕೇಳಿ. ಯಾರಿಗೂ ಅನುಮಾನ ಬರಲಿಲ್ಲವೇ? ಬಂತು. ಎಲ್ಲರಿಗೂ ಬಂತು. ಆದರೆ ಆ ಮನೆಯಲ್ಲಿ ಸಾಹುಕಾರನ ಅಕ್ಕ ಇದ್ದಳು ಅಂದೆನಲ್ಲ, ಆಕೆಗೆ ಒಂದು ನೇಮ. ಮನೆಯ ಅಂಗಳದಲ್ಲಿ ಯಾರೂ ಅಶುಭ ನುಡಿಯಬಾರದು. ಯಾಕೆಂದರೆ ಮೇಲೆ ಅಸ್ತು ದೇವತೆಗಳು ಓಡಾಡುತ್ತಿರುತ್ತಾರೆ. ನಾವು ‘ಬೀಳುತ್ತದೆ’ ಅಂದ ಹೊತ್ತಿಗೆ ಸರಿಯಾಗಿ ಅವರು ‘ಅಸ್ತು’ ಅಂದುಬಿಟ್ಟರೆ? ಅದಕ್ಕೇ ಯಾರ ಬಾಯಿಂದ ಅಂಥ ಮಾತು ಬಂದರೂ ಆಕೆ ಅಲ್ಲೇ ನಿಲ್ಲಿಸಿ, ‘ಬಿಡ್ತು ಅನ್ನು’ ಅನ್ನುತ್ತಿದ್ದಳು. ಅಂದವರು ‘ಬಿಡ್ತು’ ಅಂದರೆ ಮಾತು ಬಿಟ್ಟುಹೋದಂತೆ, ದೋಷ ಕಳೆದಂತೆ. ನಗಬೇಡಿ. ನಿಮ್ಮ ಮನೆಯಲ್ಲೂ ಇದೆ, ನನಗೆ ಗೊತ್ತು.

ಒಂದು ದಿನ ಗ್ಯಾರೇಜಿನವನು ತಲೆ ಕೆರೆದುಕೊಳ್ಳುತ್ತಾ ಬಂದ. “ಸಾವ್ಕಾರ್ರೆ, ಭಾರ ವಸಿ ಜಾಸ್ತಿ ಆಯ್ತೇನೋ ಅನ್ನುಸ್ತದೆ. ನಾಳೆ ಮೇಲಕ್ಕೇಳ್ದೆ ಇದ್ರೆ…”

ಮಜ್ಜಿಗೆ ತಂದ ಅಕ್ಕ ಬಾಗಿಲಲ್ಲೇ ನಿಂತಳು. “ಬಿಡ್ತು ಅನ್ನಯ್ಯ.”

“ಅಲ್ಲ ಕಣವ್ವ, ನಾನು ಹೇಳಿದ್ದು…”

“ಮೊದ್ಲು ಬಿಡ್ತು ಅನ್ನು. ಆಮೇಲೆ ಮಜ್ಜಿಗೆ.”

“ಬಿಡ್ತು ಕಣವ್ವ.”

ಮಜ್ಜಿಗೆ ಕುಡಿದು ಹೋಗಿ ಇನ್ನೊಂದು ತಗಡು ಬಡಿದ.

ಹೈಸ್ಕೂಲಿನ ವಿಜ್ಞಾನದ ಮೇಷ್ಟ್ರು ಬಂದರು. ಕನ್ನಡಕ ತೆಗೆದು, ಒರೆಸಿ, ಹಾಕಿಕೊಂಡು, ರೆಕ್ಕೆಯ ಕೆಳಗೆ ಬಗ್ಗಿ ನೋಡಿದರು. “ರೆಕ್ಕೆ ಹೀಗೆ ಹಲಗೆ ಥರ ಚಪ್ಪಟೆ ಇದ್ದರೆ ಗಾಳಿ ಎತ್ತೋದು ಕಷ್ಟ. ಮೂತಿ ಕೆಳಗಾಗಿ ಬೀಳೋ…”

“ಮೇಷ್ಟ್ರೆ, ಓದಿದೋರು ನೀವೇ ಹಿಂಗಂದ್ರೆ ಹೆಂಗೆ? ಬಿಡ್ತು ಅನ್ನಿ.”

ಮೇಷ್ಟ್ರು ಸುತ್ತ ನೋಡಿ, “ಬಿಡ್ತು” ಅಂದರು. ಅಷ್ಟರಲ್ಲಿ ಸಾಹುಕಾರ, “ಹಾರೋ ದಿವ್ಸ ಭಾಷಣ ನಿಮ್ದೇ” ಅಂದ. ಅವತ್ತಿನಿಂದ ಅವರು ರೆಕ್ಕೆಯ ಚಿಂತೆ ಬಿಟ್ಟು ಭಾಷಣದ ಚಿಂತೆಗೆ ಬಿದ್ದರು.

ಆ ಅನುಮಾನಗಳೆಲ್ಲ ಎಲ್ಲಿ ಹೋದವು? ಬಿಡ್ತು ಅಂದ ಮಾತ್ರಕ್ಕೆ ಬಿಟ್ಟು ಹೋದವೇ? ಇಲ್ಲ. ಬಾಯಿಂದ ಹೊಟ್ಟೆಗೆ ಇಳಿದವು, ಅಷ್ಟೇ.

ಒಂದು ಬೆಳಿಗ್ಗೆ ಕಣದಲ್ಲೇ ಪರೀಕ್ಷೆ ಮಾಡಿದರು. ಗ್ಯಾರೇಜಿನವನು ಕೂತು ಎಂಜಿನ್ ಚಾಲೂ ಮಾಡಿದ. ಎಂಥ ಶಬ್ದ ಅಂತೀರಿ! ಕಣದ ಹೊಟ್ಟು, ಧೂಳು ಎಲ್ಲ ಎದ್ದು ಪಕ್ಕದ ಮನೆಯವರು ಒಣಹಾಕಿದ್ದ ಹಪ್ಪಳದ ಮೇಲೆ ಕೂತಿತು. ವಿಮಾನ ಕಣದ ಆ ತುದಿಯಿಂದ ಈ ತುದಿಗೆ ಓಡಿ, ಭತ್ತದ ಮೂಟೆಗೆ ಗುದ್ದಿ ನಿಂತಿತು. ಚಕ್ರ ಒಂದು ಕೂದಲೆಳೆಯಷ್ಟೂ ನೆಲ ಬಿಡಲಿಲ್ಲ. ಆ ದಿನ ಹಾರಿದ್ದು ಹೊಟ್ಟು ಮಾತ್ರ.

ಅಲ್ಲಿಗೆ ಮುಗಿಯಬೇಕಿತ್ತಲ್ಲವೇ? ಆದರೆ ಸತ್ಯ ಎದುರಿಗೇ ಬಂದು ನಿಂತರೂ ಅದಕ್ಕೊಂದು ನೆಪ ಹುಡುಕುವ ಜಾಣತನ ನಮ್ಮಲ್ಲಿದೆ. ಒಬ್ಬ, “ದೃಷ್ಟಿ ಬಿದ್ದದೆ” ಅಂದ. ಇನ್ನೊಬ್ಬ, “ಕಣ ಪಶ್ಚಿಮಕ್ಕೆ ಇಳಿಜಾರು, ವಾಸ್ತು ಸರಿಯಿಲ್ಲ” ಅಂದ. ಭಾವಮೈದ ಎಲ್ಲರಿಗಿಂತ ಜಾಣ. “ಹಕ್ಕಿ ಮರಿ ನೆಲದ ಮೇಲಿಂದ ಹಾರೋದು ಕಲ್ತದಾ ಭಾವ? ಗೂಡಿಂದ ಕೆಳಕ್ಕೆ ಬಿದ್ದೇ ಕಲಿಯೋದು. ಇದನ್ನ ಬಂಡೆ ಮೇಲಿಂದ ಬಿಡ್ಬೇಕು” ಅಂದ. ಎಲ್ಲರೂ ತಲೆದೂಗಿದರು. ಗೂಡಿನಿಂದ ಬಿದ್ದ ಮರಿಗಳೆಲ್ಲ ಹಾರುತ್ತವೆಯೇ ಎಂದು ಯಾರೂ ಯೋಚಿಸಲಿಲ್ಲ. ಬೆಕ್ಕನ್ನು ಕೇಳಿದ್ದರೆ ಹೇಳುತ್ತಿತ್ತು.

ಊರಾಚೆ ಒಂದು ಬೋಳು ಬಂಡೆ. ಮೇಲೆ ಚಪ್ಪಟೆ, ಆಮೇಲೆ ಇಳಿಜಾರು. ಇಳಿಜಾರು ಮುಗಿಯುವಲ್ಲಿ, ಹಿಂದೆ ಕಲ್ಲು ಸೀಳಿ ಸಾಗಿಸಿದ್ದರಿಂದ, ಗೋಡೆಯಂತೆ ಕಡಿದಾದ ಪ್ರಪಾತ. ಅಲ್ಲಿಂದ ವಿಮಾನ ಬಿಡುವುದೆಂದು ಮುಹೂರ್ತ ಇಡಿಸಿದರು.

ಈಗ ಒಳಗೆ ಕೂರುವವರು ಯಾರು?

ಗ್ಯಾರೇಜಿನವನ ಹೆಂಡತಿ ಬಸುರಿ. ಬಸುರಿಯ ಗಂಡ ಎತ್ತರ ಹತ್ತಬಾರದಂತೆ. ಭಾವಮೈದನಿಗೆ ಸೊಂಟ ನೋವು. ಮೇಷ್ಟ್ರಿಗೆ ಭಾಷಣ. ಸಾಹುಕಾರನೇ ಕೂರೋಣವೆಂದರೆ ಜೋಯಿಸರು, ‘ಈ ವರ್ಷ ಎತ್ತರದಿಂದ ಕಂಟಕ’ ಅಂದುಬಿಟ್ಟರು. ನೋಡಿ, ಈ ಮಾತಿಗೆ ಅಕ್ಕ ‘ಬಿಡ್ತು ಅನ್ನಿ’ ಅನ್ನಲಿಲ್ಲ. ದಕ್ಷಿಣೆ ಕೊಟ್ಟು ಹೇಳಿಸಿಕೊಂಡ ಅಶುಭಕ್ಕೆ ದೋಷವಿಲ್ಲ ಎಂದು ಕಾಣುತ್ತದೆ. ಕೊನೆಗೆ ಎಲ್ಲರ ಕಣ್ಣೂ ಒಬ್ಬನ ಮೇಲೆ ಹೋಗಿ ನಿಂತಿತು. ಮನೆ ಅಳಿಯ. ಮಾವನ ಎದುರು ಕುರ್ಚಿಯಲ್ಲಿ ಕೂರಲೂ ಸಂಕೋಚಪಡುವ ಹುಡುಗ. ಅವನಿಗೆ ಸ್ಕೂಟರ್ ಬಿಡಲು ಬರುತ್ತಿತ್ತು. ಅದೇ ಅರ್ಹತೆ.

“ಏನಪ್ಪ, ಆಗಬಹುದಾ?” ಎಂದು ಸಾಹುಕಾರ ಕೇಳಿದ.

“ನೀವು ಹೇಳ್ದಂಗೆ ಮಾವ” ಅಂದ.

ಆ ಮಾತು ಕೇಳಿ ಒಳಗೆ ಅಕ್ಕಿ ಆರಿಸುತ್ತಿದ್ದ ಹುಡುಗಿಯ ಕೈ ನಿಂತಿತು. ಸಾಹುಕಾರನ ಮಗಳು. ಮಾತು ಕಡಿಮೆ. ಮಾತು ಕಡಿಮೆ ಇರುವವರಿಗೆ ಕಣ್ಣು ಜಾಸ್ತಿ ಇರುತ್ತದೆ. ಕಣದ ಪರೀಕ್ಷೆಯ ದಿನ ಎಲ್ಲರೂ ಜನರ ಬಾಯಿ ನೋಡಿದರೆ ಅವಳು ಕಾಲು ನೋಡಿದ್ದಳು. ‘ಹಾರ್ತದೆ, ಹಾರ್ತದೆ’ ಅನ್ನುತ್ತಿದ್ದವರ ಕಾಲುಗಳು ಒಂದೊಂದೇ ಹೆಜ್ಜೆ ಹಿಂದಕ್ಕೆ ಸರಿಯುತ್ತಿದ್ದವು. ಎಲ್ಲರಿಗಿಂತ ಜೋರಾಗಿ ಹಾರುತ್ತದೆ ಅಂದವನು ಎಲ್ಲರಿಗಿಂತ ಹಿಂದೆ, ಗಿರಣಿಯ ಗೋಡೆಯ ಮರೆಯಲ್ಲಿದ್ದ.

ಮುಹೂರ್ತದ ಬೆಳಿಗ್ಗೆ ಗಂಡ ಹೊಸ ಅಂಗಿ ತೊಡುತ್ತಿದ್ದ. ಅವಳು ಕೇಳಿದಳು. “ನಿಮ್ಗೆ ಅದು ಹಾರ್ತದೆ ಅನ್ನುಸ್ತದಾ?”

“ಮಾವ ಅಷ್ಟು ಆಸೆ ಮಡಿಕಂಡವ್ರೆ.”

“ನಾನು ಕೇಳಿದ್ದು ಅದಲ್ಲ.”

ಅವನು ಗುಂಡಿ ಹಾಕುತ್ತಲೇ ಇದ್ದ. ಹಾಕಿದ ಗುಂಡಿಯನ್ನು ಬಿಚ್ಚಿ ಮತ್ತೆ ಹಾಕಿದ. ಆಮೇಲೆ, “ಹೆಲ್ಮೆಟ್ ಎಲ್ಲಿಟ್ಟಿದ್ದೀಯ?” ಅಂದ.

ಬಂಡೆಯ ಮೇಲೆ ಊರಿಗೆ ಊರೇ ಸೇರಿತ್ತು. ಟ್ರ್ಯಾಕ್ಟರಿನಲ್ಲಿ ವಿಮಾನ ಎಳೆದು ತಂದು ಇಳಿಜಾರಿನ ನೆತ್ತಿಯಲ್ಲಿ ನಿಲ್ಲಿಸಿ, ಚಕ್ರದ ಮುಂದೆ ದಪ್ಪ ಕಲ್ಲು ಕೊಟ್ಟಿದ್ದರು. ರೆಕ್ಕೆಗೆ ಬಾಳೆಕಂದು ಕಟ್ಟಿದ್ದರು. ಚಕ್ರಕ್ಕೆ ನಿಂಬೆಹಣ್ಣು, ಮೂತಿಗೆ ಕುಂಬಳಕಾಯಿ, ಪಂಕಕ್ಕೆ ಸೇವಂತಿಗೆ ಹಾರ. ಮೇಷ್ಟ್ರು ಮೈಕಿನಲ್ಲಿ ಗ್ರಾಮೀಣ ಪ್ರತಿಭೆಯ ಬಗ್ಗೆ ಮಾತಾಡಿ ಕಣ್ಣು ಒರೆಸಿಕೊಂಡರು. ಸಾಹುಕಾರನಿಗೆ ಪೇಟ ತೊಡಿಸಿದರು, ಶಾಲು ಹೊದಿಸಿದರು, ಹಣ್ಣಿನ ಬುಟ್ಟಿ ಕೊಟ್ಟರು. ವಿಮಾನ ಹಾರುವ ಮೊದಲೇ ಸನ್ಮಾನ ಮುಗಿಯಿತು. ಅಳಿಯ ಹೆಲ್ಮೆಟ್ ಹಾಕಿಕೊಂಡು ಒಳಗೆ ಕೂತಿದ್ದ. ಅವನ ಮುಖ ಯಾರಿಗೂ ಕಾಣುತ್ತಿರಲಿಲ್ಲ. ಕಾಣದೆ ಇದ್ದದ್ದು ಎಲ್ಲರಿಗೂ ಅನುಕೂಲವಾಗಿತ್ತು.

“ಆರತಿ ಎತ್ತವ್ವ” ಎಂದು ಅಕ್ಕ ಕರೆದಳು.

ಮಗಳು ತಟ್ಟೆ ಹಿಡಿದು ಬಂದಳು. ವಿಮಾನದ ಮುಂದೆ ನಿಂತಳು. ಆರತಿ ಎತ್ತಲಿಲ್ಲ. ತಟ್ಟೆಯನ್ನು ಬಂಡೆಯ ಮೇಲೆ ಇಟ್ಟು, ಅಪ್ಪನ ಕಡೆ ತಿರುಗಿದಳು.

“ಅಪ್ಪಾ, ಇದು ಹಾರಲ್ಲ. ಬೀಳ್ತದೆ. ಇವರು ಸಾಯ್ತಾರೆ.”

ವಾದ್ಯದವರು ನುಡಿಸುವುದನ್ನು ನಿಲ್ಲಿಸಿದರು. ಮೈಕಿನವನು ಯಾಕೋ ಮೈಕನ್ನು ಆರಿಸಿದ.

“ಬಿಡ್ತು ಅನ್ನೇ” ಅಂದಳು ಅಕ್ಕ.

“ಅನ್ನಲ್ಲ ಅತ್ತೆ.”

“ಮುತ್ತೈದೆ ಬಾಯಲ್ಲಿ ಇಂಥ ಮಾತಾ? ಬಿಡ್ತು ಅನ್ನು ಅಂದೆ.”

“ಅನ್ನಲ್ಲ. ಹಾರ್ತದೆ ಅಂದೋರು ಇಲ್ಲಿ ಇಷ್ಟು ಜನ ಇದ್ದೀರಿ. ಯಾರಾದ್ರೂ ಒಬ್ರು ಬಂದು ಇವರ ಪಕ್ಕ ಕೂತ್ಕೊಳ್ಳಿ. ಸೀಟದೆ. ಮೆತ್ತೆನೂ ಹಾಕವ್ರೆ. ನೀವು ಕೂತ ಮೇಲೆ ನಾನು ಬಿಡ್ತು ಅಂತೀನಿ.”

ಆಗ ನೋಡಬೇಕಿತ್ತು ನೀವು ಆ ಸಭೆಯನ್ನು. ಮೇಷ್ಟ್ರು ಭಾಷಣದ ಹಾಳೆ ಮಡಿಸಿ ಜೇಬಿಗೆ ಇಡುವುದರಲ್ಲಿ ಮಗ್ನರಾದರು. ಗ್ಯಾರೇಜಿನವನು ಚಕ್ರದ ಕಲ್ಲನ್ನು ಇನ್ನಷ್ಟು ಒತ್ತಿದ. ಭಾವಮೈದ ಸೊಂಟ ಹಿಡಿದುಕೊಂಡ. ಜೋಯಿಸರು ಮುಹೂರ್ತ ಮೀರುತ್ತಿದೆ ಅಂದರು, ಆದರೆ ಮುಂದೆ ಬರಲಿಲ್ಲ. ಸಾಹುಕಾರ ಒಬ್ಬೊಬ್ಬರ ಮುಖವನ್ನೂ ನೋಡಿದ. ಅವನು ನೋಡಿದ ಮುಖವೆಲ್ಲ ಬೇರೆ ಕಡೆ ತಿರುಗಿತು. ಅವನಿಗೆ ಸಿಟ್ಟು ಬಂತು. ಪೇಟವನ್ನು ಅಕ್ಕನ ಕೈಗೆ ಕೊಟ್ಟು, ಪಂಚೆ ಎತ್ತಿಕಟ್ಟಿ, “ಯಾರೂ ಬೇಡ. ನಾನೇ ಕೂರ್ತೀನಿ” ಅಂದು ಹೋಗಿ ಅಳಿಯನ ಪಕ್ಕ ಕೂತ. “ತೆಗೀರೋ ಕಲ್ಲ.”

ಅಲ್ಲಿ ಕೂತಾಗ ಅವನಿಗೆ ಮೊದಲ ಸಲ ಇಳಿಜಾರು ಕಂಡಿತು. ಇಳಿಜಾರಿನ ತುದಿ ಕಂಡಿತು. ತುದಿಯ ಆಚೆ ಏನೂ ಕಾಣಲಿಲ್ಲ. ಪಕ್ಕದಲ್ಲಿ ಅಳಿಯನ ಮೊಣಕಾಲು ಗಡಗಡ ನಡುಗುತ್ತಾ ತನ್ನ ಮೊಣಕಾಲಿಗೆ ತಾಗುವುದು ಗೊತ್ತಾಯಿತು. ಅಷ್ಟು ದಿನ ಒಂದೇ ಪಂಕ್ತಿಯಲ್ಲಿ ಕೂತು ಉಂಡಿದ್ದರೂ ಆ ಹುಡುಗನಿಗೆ ಭಯವಾಗುತ್ತದೆ ಅನ್ನುವುದು ಅವನಿಗೆ ತಿಳಿದಿರಲಿಲ್ಲ.

ಗ್ಯಾರೇಜಿನವನು ಕಲ್ಲಿಗೆ ಕೈ ಹಾಕಿದ.

“ಬ್ಯಾಡ ಕಣೋ, ಇಳಿಯೋ” ಎಂದು ಒಂದು ದನಿ ಬಂತು. “ಬಿದ್ಗಿದ್ದೀಯ. ಸತ್ತೋಗ್ತೀಯ ಕಣೋ, ಇಳಿ.”

ಯಾರದು ಆ ದನಿ? ಅಕ್ಕನದು. ಪೇಟವನ್ನು ಎದೆಗೆ ಅವುಚಿಕೊಂಡು ಕೂಗಿದವಳು ಅದೇ ಅಕ್ಕ. ಅಳಿಯ ಒಬ್ಬನೇ ಕೂತಿದ್ದಾಗ ‘ಬೀಳ್ತದೆ’ ಅನ್ನುವುದು ಅಶುಭ. ಒಡಹುಟ್ಟಿದವನು ಕೂತ ಕೂಡಲೇ ಅದೇ ಮಾತು ಆಕೆಯ ಬಾಯಿಂದಲೇ ಹೊರಬಿತ್ತು. ಆಕೆಗೆ ಬಿಡ್ತು ಅನ್ನು ಎಂದು ಯಾರೂ ಹೇಳಲಿಲ್ಲ.

ಸಾಹುಕಾರ ಅಳಿಯನ ತೋಳು ಹಿಡಿದು ಇಳಿಸಿಕೊಂಡು ತಾನೂ ಇಳಿದ. “ಖಾಲಿ ಬಿಡ್ರಿ, ನೋಡಾನ” ಅಂದ. ಎಂಜಿನ್ ಚಾಲೂ ಮಾಡಿ ಕಲ್ಲು ತೆಗೆದರು. ವಿಮಾನ ಬಾಳೆಕಂದು ಅಲ್ಲಾಡಿಸುತ್ತಾ, ಹಾರ ಉದುರಿಸುತ್ತಾ ಇಳಿಜಾರಿನಲ್ಲಿ ಓಡಿತು. ಅಂಚಿಗೆ ಹೋಗಿ ಗಾಳಿಯಲ್ಲಿ ಒಂದು ಕ್ಷಣವೂ ನಿಲ್ಲದೆ, ಬಾವಿಗೆ ಬಿಟ್ಟ ಕೊಡದ ಹಾಗೆ ಮೂತಿ ಕೆಳಗೆ ಮಾಡಿ ಮರೆಯಾಯಿತು. ಆಮೇಲೆ ಶಬ್ದ ಬಂತು. ಗಟ್ಟಿಯಾದ ವಸ್ತು ಬಿದ್ದ ಶಬ್ದ.

ಆ ಶಬ್ದ ಅಡಗುತ್ತಲೇ ಜನರ ಬಾಯಿ ಬಿಚ್ಚಿತು. “ನಂಗಾಗ್ಲೇ ಗೊತ್ತಿತ್ತು.” “ಭಾರ ಜಾಸ್ತಿ ಅಂತ ನಾನೇ ಅಂದಿದ್ದೆ.” “ರೆಕ್ಕೆ ನೋಡಿದ ದಿವಸವೇ ನನಗೆ ಹೊಳೆದಿತ್ತು.” ನೋಡಿ, ಎಲ್ಲರಿಗೂ ಗೊತ್ತಿತ್ತು. ಅಳಿಯ ಒಳಗೆ ಕೂತಿದ್ದಾಗಲೂ ಎಲ್ಲರಿಗೂ ಗೊತ್ತಿತ್ತು. ವಿಮಾನ ಬಿದ್ದದ್ದು ಆ ಊರಿಗೆ ಅವಮಾನವಲ್ಲ, ಇದು ಅವಮಾನ.

ಅಳಿಯ ಒಂದು ಕಡೆ ನಿಂತು ಹೆಲ್ಮೆಟ್ಟಿನ ಪಟ್ಟಿ ಬಿಚ್ಚಲು ನೋಡುತ್ತಿದ್ದ. ಆಗುತ್ತಿರಲಿಲ್ಲ. ಹೆಂಡತಿ ಹೋಗಿ ಬಿಚ್ಚಿದಳು. ಅಷ್ಟರಲ್ಲಿ ಸಾಹುಕಾರ ಹತ್ತಿರ ಬಂದ.

“ನಿಂಗೆ ಇದು ಯಾವಾಗಿಂದ ಗೊತ್ತಿತ್ತವ್ವ?”

“ಮೊದ್ಲಿಂದ್ಲೂ.”

“ಮತ್ತೆ ಒಂದು ಮಾತು ಹೇಳ್ಬಾರ್ದಿತ್ತಾ?”

“ಹೇಳಿದ್ದೆ ಅಪ್ಪಾ. ಎಂಜಿನ್ ತಂದ ದಿವ್ಸವೇ ಹೇಳ್ದೆ. ನೀವೇ ನನ್ನ ಕೈಲಿ ಬಿಡ್ತು ಅನ್ಸಿದ್ರಿ.”

ಸಾಹುಕಾರನಿಗೆ ಆ ದಿನದ ನೆನಪೇ ಇರಲಿಲ್ಲ. ಕಥೆ ಇಷ್ಟೇ.

ಈಗ ನೀವು ನಗುತ್ತಿದ್ದೀರಿ. ನಕ್ಕದ್ದು ಆಯಿತಾ? ಹಾಗಾದರೆ ಕೇಳಿ. ಆ ದಿನದ ನೆನಪು ಸಾಹುಕಾರನಿಗೆ ಇರಲಿಲ್ಲ ಅಂದೆ. ನಿಮಗೆ ಇದೆಯೇ? ನಿಮ್ಮ ಮನೆಯಲ್ಲಿ ಇಂಥ ಮಾತು ಕೊನೆಯ ಸಲ ಯಾರು ಆಡಿದರು, ನೀವು ಅವರ ಬಾಯಿ ಹೇಗೆ ಮುಚ್ಚಿಸಿದಿರಿ, ನೆನಪಿದೆಯೇ? ಸಂಬಂಧ ಕುದುರಿ ಎಲ್ಲರೂ ಸಕ್ಕರೆ ಹಂಚುತ್ತಿದ್ದಾಗ ಮಗಳು ಒಳಗೆ ಬಂದು, “ಆ ಹುಡುಗ ಮಾತಾಡಿದ್ದು ಯಾಕೋ ಸರಿ ಕಾಣಲಿಲ್ಲ” ಅಂದಳು. ನೀವು, ಶುಭ ಕಾರ್ಯದಲ್ಲಿ ಅಪಸ್ವರ ತೆಗೆಯಬೇಡ ಅಂದಿರಿ. ಹೆಂಡತಿ, “ರಾತ್ರಿಯೆಲ್ಲ ಎದೆ ಹಿಡಿದ ಹಾಗಾಗಿತ್ತು” ಅಂದಳು. ಬೆಳಬೆಳಿಗ್ಗೆ ಇಂಥ ಮಾತು ಯಾಕೆ, ಬಿಡ್ತು ಅನ್ನು ಅಂದಿರಿ. ಅವಳು ಬಿಡ್ತು ಅಂದು ಕಾಫಿ ಸೋಸಿದಳು. ಎದೆ ಬಿಟ್ಟಿತೇ? ಯಾರಿಗೆ ಗೊತ್ತು. ನೀವು ಕೇಳಲಿಲ್ಲ.

ಬಿಡ್ತು ಅನ್ನು ಎಂಬುದು ಕೆಟ್ಟ ಮಾತಲ್ಲ. ಪ್ರೀತಿಯಿಂದ ಹುಟ್ಟಿದ ಮಾತು. ತಾಯಂದಿರ ಮಾತು. ಆದರೆ ಪ್ರೀತಿಯ ಕೈಯಾದರೂ ಬಾಯಿ ಮುಚ್ಚಿದರೆ ಉಸಿರು ಕಟ್ಟುತ್ತದೆ. ಅಸ್ತು ದೇವತೆಗಳ ವಿಷಯಕ್ಕೆ ಬಂದರೆ, ಇಡೀ ಊರು ಅಷ್ಟು ದಿನ ‘ಹಾರ್ತದೆ, ಹಾರ್ತದೆ’ ಅಂದಿತಲ್ಲ, ಆಗ ಅವರೆಲ್ಲ ಊಟಕ್ಕೆ ಹೋಗಿದ್ದರೇ? ನಾನು ಅವರನ್ನು ಹಾಸ್ಯ ಮಾಡುತ್ತಿಲ್ಲ. ಅವರ ಹೆಸರಿನಲ್ಲಿ ನಾವು ಮಾಡುತ್ತಿರುವುದು ಏನು ಅಂತ ಕೇಳುತ್ತಿದ್ದೇನೆ.

ಇವತ್ತು ಮನೆಗೆ ಹೋಗಿ. ಇನ್ನು ಮೇಲೆ ಯಾರಾದರೂ, ಅವರು ಚಿಕ್ಕವರಿರಲಿ, ಸೊಸೆ ಇರಲಿ, ಕೆಲಸದವರಿರಲಿ, “ಯಾಕೋ ಭಯ ಆಗ್ತಿದೆ, ಇದು ಸರಿ ಹೋಗಲ್ಲ” ಅಂದರೆ, ಬಿಡ್ತು ಅನ್ನಿಸಬೇಡಿ. “ಯಾಕೆ ಹಾಗನ್ನಿಸ್ತು?” ಎಂದು ಕೇಳಿ. ಕೇಳಿ ಎದ್ದು ಹೋಗಬೇಡಿ, ಅವರು ಮುಗಿಸುವ ತನಕ ಕೂತಿರಿ. ಮಧ್ಯೆ ಫೋನ್ ಬಂದರೆ ಎತ್ತಬೇಡಿ. ನಿಮಗೆ ಕಂಡ ಅಪಾಯವನ್ನು ಹೇಳಬೇಕಾದವರು ನೀವೇ ಆಗಿದ್ದರೆ, ಯಾರು ಗದರಿಸಿದರೂ ಮಾತು ಹಿಂದಕ್ಕೆ ತೆಗೆದುಕೊಳ್ಳಬೇಡಿ. ಇನ್ನೊಬ್ಬರಿಗೆ ‘ಏನೂ ಆಗಲ್ಲ, ಹೋಗು’ ಅನ್ನುವುದಕ್ಕೆ ಮುಂಚೆ, ಅವರ ಪಕ್ಕದಲ್ಲಿ ಕೂರಲು ನೀವು ತಯಾರಿದ್ದೀರಾ ಅಂತ ಒಮ್ಮೆ ನೋಡಿಕೊಳ್ಳಿ. ತಯಾರಿಲ್ಲದಿದ್ದರೆ ಸುಮ್ಮನಿರಿ.

ಮಂಗಳಾರತಿಗೆ ಏಳುತ್ತಿದ್ದೀರಿ, ಸ್ವಲ್ಪ ತಡೆಯಿರಿ. ಈಗಷ್ಟೇ, ನಾನು ಈ ಮಾತು ಹೇಳುತ್ತಿರುವಾಗಲೇ, ಹೆಂಗಸರ ಕಡೆಯಿಂದ ಒಬ್ಬ ತಾಯಿ ಎದ್ದು ಪೆಂಡಾಲಿನ ಆ ಮೂಲೆಯ ಕಂಬದ ಕಡೆ ಕೈ ತೋರಿಸಿ ಏನೋ ಅಂದರು. ಪಕ್ಕದವರು ಸೆರಗು ಹಿಡಿದು ಎಳೆದು ಕೂರಿಸಿದರು. ಕೂರಿಸಿದವರು ಏನು ಹೇಳಿ ಕೂರಿಸಿದರು ಅನ್ನುವುದು ನನಗೆ ಇಲ್ಲಿಯವರೆಗೂ ಕೇಳಿಸಿತು.

ಅಮ್ಮಾ, ನೀವು ಎದ್ದು ನಿಲ್ಲಿ. ಜೋರಾಗಿ ಹೇಳಿ, ಎಲ್ಲರಿಗೂ ಕೇಳಲಿ. ಮುಂದಿನ ಸಾಲಿನಲ್ಲಿ ಶಾಲು ಹೊದ್ದು ಕೂತಿರುವ ಸಮಿತಿಯವರು ದಯವಿಟ್ಟು ಎದ್ದು ಹೋಗಿ ಆಕೆ ತೋರಿಸಿದ ಕಂಬ ಹಿಡಿದು ನೋಡಿ. ಅಷ್ಟು ಹೊತ್ತು ಆರತಿ ಕಾಯುತ್ತದೆ.